ಬೀಗರ ಬೀಡಿ ತಾಟು

ದೇವರಿಗೆ ಎಡೆ ತಡವಾದರೆ ನಡೆದೀತು, ಬೀಗರಿಗೆ ಬೀಡಿ ತಡವಾದರೆ ನಡೆಯುವುದಿಲ್ಲ. ನಿಶ್ಚಯದ ದಿನ ಗಂಡಿನ ಕಡೆಯವರು ಕುಳಿತ ಕೂಡಲೇ ಎಲೆ, ಅಡಿಕೆ, ಬೀಡಿ, ಸಿಗರೇಟಿನ ತಾಟು ಅವರ ಮುಂದೆ ಬರಬೇಕು. ಹೆಣ್ಣಿನ ಅಪ್ಪ ತನ್ನ ಕೈಯಾರೆ ಕಡ್ಡಿ ಗೀರಿ ಹಿರೇಬೀಗರ ಬೀಡಿಗೆ ಬೆಂಕಿ ಹಿಡಿಯಬೇಕು. ಯಾವ ಶಾಸ್ತ್ರದಲ್ಲಿ ಬರೆದಿದೆ ಎಂದು ಕೇಳಬೇಡಿ. ಬರೆದದ್ದನ್ನು ಮರೆಯುವ ಜನ ಬರೆಯದ್ದನ್ನು ಎಂದೂ ಮರೆಯುವುದಿಲ್ಲ.

ಶಂಕ್ರಮ್ಮನೂ ಮರೆತಿರಲಿಲ್ಲ. ಗಂಗಾವತಿಯ ಸಮುದಾಯ ಭವನದಲ್ಲಿ ಅವಳ ಒಬ್ಬಳೇ ಮಗಳು ಸುನಿತಾಳ ನಿಶ್ಚಯ. ಮುಂಜಾನೆಯಿಂದ ಓಡಾಡಿ ತಾಟು ಜೋಡಿಸಿದವಳು ಅವಳೇ. ಎಲೆ ಇಟ್ಟಿದ್ದಳು, ಅಡಿಕೆ ಇಟ್ಟಿದ್ದಳು, ಕಲ್ಲುಸಕ್ಕರೆ ಇಟ್ಟಿದ್ದಳು. ಬೀಡಿ ಮಾತ್ರ ಇಟ್ಟಿರಲಿಲ್ಲ.

ಮೈದುನ ಕೊಟ್ರೇಶ ಕೆಟ್ಟವನಲ್ಲ, ಆದರೆ ನಾಲ್ಕು ಜನ ಏನಂದಾರು ಎಂಬ ಹೆದರಿಕೆಯಲ್ಲೇ ತಲೆಗೂದಲು ಕಳೆದುಕೊಂಡವನು. ತಾಟು ನೋಡಿದವನೇ ತನ್ನ ಕೈಚೀಲದಿಂದ ನಾಲ್ಕು ಕಟ್ಟು ಬೀಡಿ, ಎರಡು ಪಾಕೀಟು ಸಿಗರೇಟು, ಒಂದು ಕಡ್ಡಿಪೆಟ್ಟಿಗೆ ತೆಗೆದು, ಇನ್ನೊಂದು ತಾಟಿನಲ್ಲಿ ಜೋಡಿಸಿ, ಗೋಡೆ ಪಕ್ಕದ ಮೇಜಿನ ಮೇಲಿಟ್ಟ. ಮೇಜಿನ ನೇರಕ್ಕೆ ಮೇಲೊಂದು ಬೋರ್ಡು: ಧೂಮಪಾನ ನಿಷೇಧಿಸಲಾಗಿದೆ, ತಪ್ಪಿದವರಿಗೆ ಇನ್ನೂರು ರೂಪಾಯಿ ದಂಡ. ಯಾರೋ ಪುಣ್ಯಾತ್ಮರು ಅದರ ಮೊಳೆಗೇ ಚೆಂಡುಹೂವಿನ ಹಾರ ಸಿಕ್ಕಿಸಿದ್ದರು.

"ಬೋರ್ಡ್ ಕಾಣ್ಸಲಿಲ್ಲೇನೋ ಕೊಟ್ರೇಶಿ?" ಎಂದಳು ಶಂಕ್ರಮ್ಮ.

"ಬೋರ್ಡ್ ಸರಕಾರದ್ದು ವೈನಿ, ಪದ್ಧತಿ ಹಿರೇರದು. ಹೊಗಿಲೆ ಅಣ್ಣಗ ತ್ರಾಸ ಆಗ್ತೈತಿ ಅನ್ನೂದು ನನಗೂ ಗೊತ್ತೈತಿ. ಅದಕ್ಕ ಒಂದು ದಾರಿ ಹುಡಿಕೀನಿ. ಅಂವ ಒಂದು ತಾಸು ಹಿಂದಿನ ಖೋಲ್ಯಾಗ ಕುಂಡ್ರಲಿ. ಬೆಂಕಿ ನಾ ಹಚ್ಚಿ ಕೊಡ್ತೀನಿ, ಮಾತೂ ನಾನ ಆಡ್ತೀನಿ."

ಹಿಂದಿನ ಖೋಲಿ ಎಂದರೆ ಅಡಿಗೆ ಪಾತ್ರೆ, ಅಕ್ಕಿ ಚೀಲ ಒಟ್ಟಿದ ಕತ್ತಲೆ ಕೋಣೆ. ಮಗಳ ನಿಶ್ಚಯದ ದಿನ ಅಪ್ಪನಾದವನು ಕೊಪ್ಪರಿಗೆಗಳ ಜೊತೆ ಕೂಡಬೇಕು! ಶಂಕ್ರಮ್ಮನ ಮೈ ಉರಿಯಿತು.

"ಸೇದೋರು ಒಳಗ, ಕೆಮ್ಮೋರು ಹೊರಗ. ಭಾಳ ಛಲೋ ನ್ಯಾಯ ಐತಿ," ಎಂದಳು. ಕೊಟ್ರೇಶ ಬೋಳುತಲೆ ಒರೆಸಿಕೊಂಡ.

ಅವಳ ಗಂಡ ಈಶಪ್ಪ ಅಷ್ಟೊತ್ತಿಗೆ ಹೊಸ ಧೋತರ ಉಟ್ಟು, ಮುಂದಿನ ಸಾಲಿನ ಕುರ್ಚಿಯಲ್ಲಿ ಕುಳಿತು, ತುಟಿ ಅಲುಗಿಸುತ್ತಿದ್ದ. ಮೂರು ದಿನದಿಂದ ಅವನು ಒಂದೇ ಸಾಲು ಕಲಿಯುತ್ತಿದ್ದ: "ನಮ್ಮ ಮಗಳು ಸುನಿತಾನ್ನ ನಿಮ್ಮ ಮನಿ ಮಗ ರುದ್ರೇಶಗ ಕೊಟ್ಟೀವ್ರಿ." ನಾಲ್ಕು ಜನರ ಮುಂದೆ ಹೆಣ್ಣಿನ ಅಪ್ಪ ಅಷ್ಟು ಹೇಳಬೇಕು. ಗಂಡಿನ ಕಡೆಯ ಹಿರಿಯರು "ತಗೊಂಡೀವ್ರಿ" ಅನ್ನಬೇಕು. ಅಲ್ಲಿಗೆ ಸಂಬಂಧ ಗಟ್ಟಿ. ಆದರೆ ಈಶಪ್ಪನ ಉಸಿರು ರುದ್ರೇಶನ ತನಕ ಹೋಗಿ ನಿಂತುಬಿಡುತ್ತಿತ್ತು. ನಿನ್ನೆ ಸಂಜೆ ಮೊದಲ ಸಲ ಕೊನೆ ಮುಟ್ಟಿದಾಗ ಗಂಡ ಹೆಂಡತಿ ಇಬ್ಬರೂ ಪರೀಕ್ಷೆ ಪಾಸಾದ ಮಕ್ಕಳ ಹಾಗೆ ನಕ್ಕಿದ್ದರು.

ಈಶಪ್ಪ ಜೀವಮಾನದಲ್ಲಿ ಒಂದು ಬೀಡಿ ಸೇದಿದವನಲ್ಲ. ಮೂವತ್ತು ವರ್ಷ ಗಂಜಿನಲ್ಲಿ, ಭತ್ತದ ಪೇಟೆಯ ಬಾಯಲ್ಲಿ, ಚಹಾದ ಹೊಟೇಲು ನಡೆಸಿದ. ಅಷ್ಟೇ ಅವನ ತಪ್ಪು. ಹತ್ತಡಿಯ ತಗಡಿನ ಹೊಟೇಲು. ಹಮಾಲರು, ದಲಾಲರು, ಲಾರಿ ಡ್ರೈವರುಗಳು ಒಂದು ಚಹಾ ಮುಗಿಯುವುದರೊಳಗೆ ಎರಡು ಬೀಡಿ ಮುಗಿಸುತ್ತಿದ್ದರು. ಕೊಪ್ಪಳದ ಡಾಕ್ಟರು ಅವನ ಎದೆಯ ಫೋಟೋ ಬೆಳಕಿಗೆ ಹಿಡಿದು "ದಿನಕ್ಕ ಎಷ್ಟು ಕಟ್ಟು?" ಎಂದು ಕೇಳಿದಾಗ "ಒಂದೂ ಇಲ್ರಿ" ಎಂದ. ಡಾಕ್ಟರು ನಂಬಲು ಹತ್ತು ನಿಮಿಷ ಬೇಕಾಯಿತು. ಓಣಿಯವರು ಇಂದಿಗೂ ನಂಬಿಲ್ಲ. ಬೆಂಕಿ ಇಲ್ಲದೆ ಹೊಗೆ ಆಡುತ್ತದೇನು ಎಂದು ಬೆನ್ನ ಹಿಂದೆ ಅನ್ನುತ್ತಾರೆ.

ಬೆಂಕಿ ಇತ್ತು. ಹಚ್ಚಿದವಳು ಶಂಕ್ರಮ್ಮ. ಹೊಟೇಲಿನ ಬಾಗಿಲ ಕಂಬಕ್ಕೆ ನಾರಿನ ಹಗ್ಗವೊಂದನ್ನು ಇಳಿಬಿಟ್ಟಿದ್ದರು. ಅದರ ತುದಿ ದಿನವಿಡೀ ಕೆಂಡವಾಗಿರಬೇಕು, ಬಂದವರು ಬೀಡಿ ತಾಗಿಸಿ ಹಚ್ಚಿಕೊಳ್ಳಬೇಕು, ಗಿರಾಕಿ ಕಡ್ಡಿ ಕೇಳುವಂತಾಗಬಾರದು. ದಿನಾ ಮುಂಜಾನೆ ಒಲೆ ಹೊತ್ತಿಸಿದ ಮೇಲೆ ಆ ಹಗ್ಗಕ್ಕೆ ಬೆಂಕಿ ತಾಗಿಸಿ, ಊದಿ ಊದಿ ಕೆಂಪು ಮಾಡುವ ಕೆಲಸ ಅವಳದು. ಡಾಕ್ಟರ ಮುಂದೆ ಕುಳಿತಿದ್ದಾಗ ಅವಳ ಕಣ್ಣಿಗೆ ಬಂದದ್ದು ಆ ಹಗ್ಗವೇ. ಯಾರಿಗೂ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ. ಆದರೆ ಇನ್ನು ಯಾರ ಬೀಡಿಗೂ ನನ್ನ ಮನೆಯ ಬೆಂಕಿ ಇಲ್ಲ ಎಂದು ಅಂದೇ ಆಣೆ ಹಾಕಿಕೊಂಡಿದ್ದಳು.

ಹನ್ನೊಂದಕ್ಕೆ ಕುಷ್ಟಗಿಯಿಂದ ಬೀಗರ ಎರಡು ಗಾಡಿ ಬಂದವು. ಹುಡುಗ ರುದ್ರೇಶ ಮುನಿರಾಬಾದಿನಲ್ಲಿ ನೀರಾವರಿ ಆಫೀಸಿನ ನೌಕರ. ಚಿಕ್ಕಂದಿನಲ್ಲೇ ಅಪ್ಪ ಅವ್ವ ಇಬ್ಬರನ್ನೂ ಕಳೆದುಕೊಂಡವನನ್ನು ದೊಡ್ಡಪ್ಪ ಕಳಕಪ್ಪ, ದೊಡ್ಡವ್ವ ಮುದಕಮ್ಮ ಎದೆಗೆ ಹಚ್ಚಿಕೊಂಡು ಸಾಕಿದ್ದರು. ಹಾಗಾಗಿ ಕಳಕಪ್ಪನೇ ಹಿರೇಬೀಗ. ಯೋಗ್ಯ ಮನುಷ್ಯ, ವರದಕ್ಷಿಣೆಗೆ ಬಾಯಿ ತೆರೆದವನಲ್ಲ. ಜಮಖಾನೆಯ ಮೇಲೆ ಲೋಡಿಗೆ ಒರಗಿ ಕುಳಿತವನೇ ಕೊಟ್ರೇಶನ ಕಡೆ ನೋಡಿ ಎರಡು ಬೆರಳು ತುಟಿಗೆ ತಂದ.

ಕೊಟ್ರೇಶ ತಾಟು ಎತ್ತಿ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಶಂಕ್ರಮ್ಮ ಅಡ್ಡ ಬಂದು ಅದನ್ನು ಕಸಿದುಕೊಂಡಳು. ಬೀಗರ ಮುಂದೆಯೇ ಹಾದು ಬಾಗಿಲು ದಾಟಿದಳು. ಹೊರಗೆ, ಚಪ್ಪಲಿ ರಾಶಿಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ತಾಟು ಇಟ್ಟು ಒಳಗೆ ಬಂದಳು. ಕಡ್ಡಿಪೆಟ್ಟಿಗೆ ಮಾತ್ರ ಅವಳ ಮುಷ್ಟಿಯಲ್ಲೇ ಉಳಿದಿತ್ತು. ದಿನಾ ಒಲೆ ಹೊತ್ತಿಸಿದ ಕೈಯ ಹಳೆಯ ರೂಢಿ, ಅವಳ ಗಮನಕ್ಕೂ ಬರಲಿಲ್ಲ.

"ಬೀಗರ, ಸೇದೋರಿಗೆ ಹೊರಗ ಇಟ್ಟೀನ್ರಿ," ಎಂದಳು.

ಕಳಕಪ್ಪ ಲೋಡಿನಿಂದ ಮೇಲೆದ್ದ. "ಚಪ್ಪಲಿ ಹತ್ರಾನ? ಬೀಗರ ಮರ್ಯಾದಿ ಚಪ್ಪಲಿ ಹತ್ರ ಇಡ್ತೀಯೇನವಾ ತಂಗಿ?"

"ಮರ್ಯಾದಿ ಅಲ್ರಿ, ಬೀಡಿ ಇಟ್ಟೀನಿ. ಚಪ್ಪಲಿ ಹೊರಗ ಬಿಟ್ಟು ಬಂದ್ರಿ, ಯಾರಿಗೂ ಅವಮಾನ ಆಗಲಿಲ್ಲ. ಬೀಡಿ ಹೊರಗ ಬಿಡ್ರಿ ಅಂದ್ರ ಯಾಕ ಆಗಬೇಕು?"

ಹೆಂಗಸರ ಕಡೆಯಿಂದ ಒಂದು ನಗು ಎದ್ದು ಸೆರಗಿನೊಳಗೆ ಅಡಗಿತು.

"ಗಾಳಿ ಏನು ನಿಮ್ಮ ಮನಿ ಆಸ್ತಿಯೇನು?" ಕಳಕಪ್ಪನ ದನಿ ಏರಿತು. "ಗದ್ದ್ಯಾಗ ಹುಲ್ಲು ಸುಡ್ತಾರ, ಮಿಲ್ಲಿನ ಚಿಮಣಿ ಊರ ತುಂಬ ಹೊಗಿ ಬಿಡ್ತೈತಿ. ಅವನ್ನೆಲ್ಲಾ ಬಿಟ್ಟು ನನ್ನ ಒಂದು ಬೀಡಿ ಮ್ಯಾಲ ಕಣ್ಣು ಬಿತ್ತೇನು?"

ಮಾತಿನಲ್ಲಿ ಸುಳ್ಳಿರಲಿಲ್ಲ. ಅರ್ಧ ಭವನ ತಲೆಯಾಡಿಸಿತು.

"ಚಿಮಣಿ ನಮ್ಮ ಮನಿಗೆ ಬೀಗತನ ಮಾಡಾಕ ಬಂದಿಲ್ರಿ. ಬಂದ್ರ ಅದನ್ನೂ ಹೊರಗ ನಿಂದ್ರಸ್ತೀನಿ," ಎಂದಳು ಶಂಕ್ರಮ್ಮ. ಅಷ್ಟಕ್ಕೇ ನಿಲ್ಲಿಸಬೇಕೆಂದಿದ್ದಳು, ಆದರೆ ಎದೆಯಲ್ಲಿ ಕಟ್ಟಿಟ್ಟದ್ದು ತಾನಾಗಿ ಹೊರಬಿತ್ತು. "ಇವರು ಮೂವತ್ತು ವರ್ಷ ಮಂದಿ ಹೊಗಿ ಕುಡದಾರ. ಆ ಹೊಗಿಗೆ ದಿನಾ ಮುಂಜಾನೆ ಬೆಂಕಿ ಹಚ್ಚಿದಾಕಿ ನಾನ, ಈ ಕೈಲೆ. ಇವತ್ತ ಮಗಳನ್ನ ಕೊಟ್ಟೆ ಅನ್ನಾಕ ಇವರಿಗೆ ಒಂದು ಉಸಿರು ಬೇಕು. ಒಂದ ಒಂದು. ಅದನ್ನ ಸುಡಾಕ ನಾ ಯಾರಿಗೂ ಕೊಡೂದಿಲ್ಲ, ಬೀಗರಿಗೂ ಕೊಡೂದಿಲ್ಲ."

ಈಶಪ್ಪ ತಲೆ ಎತ್ತಿ ಹೆಂಡತಿಯನ್ನು ನೋಡಿದ. ಹಗ್ಗದ ಭಾರ ಇಷ್ಟು ದಿನ ಅವಳು ಒಬ್ಬಳೇ ಹೊತ್ತಿದ್ದಳೆಂದು ಅವನಿಗೆ ಗೊತ್ತಿರಲಿಲ್ಲ.

"ಹೊರಗ ಕಳಸೋ ಮನ್ಯಾಗ ನಮಗೇನೂ ಕೆಲಸಿಲ್ಲ. ಏಳ್ರಿ ಎಲ್ಲಾರೂ, ಗಾಡಿ ತೆಗೀರಿ," ಎಂದು ಕಳಕಪ್ಪ ಹೆಗಲ ಮೇಲಿನ ಟವೆಲು ಕೊಡವಿ ಹೊರಟೇಬಿಟ್ಟ.

ಶಂಕ್ರಮ್ಮ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟು ನಿಂತಳು. ಹಾಲಿನಂಥ ಸಂಬಂಧ. ಮಗಳ ಬಾಳಿಗೆ ನಾನೇ ಮಣ್ಣು ಹಾಕಿದೆನೇ? ಓಡಿಹೋಗಿ ಕಾಲು ಹಿಡಿಯಲೇ? ಅವಳು ಸುನಿತಾಳ ಕಡೆ ನೋಡಿದಳು. ಮಣೆಯ ಮೇಲೆ ಕುಳಿತಿದ್ದ ಸುನಿತಾ ಎದ್ದಳು. ಅವ್ವನನ್ನು ನೋಡಲಿಲ್ಲ, ಅಳಲೂ ಇಲ್ಲ. ಅಪ್ಪನನ್ನು ಎಬ್ಬಿಸಿ, ಅವನ ಕುರ್ಚಿ ಎಳೆದು ತಂದು ತನ್ನ ಮಣೆಯ ಪಕ್ಕಕ್ಕೆ ಹಾಕಿ, ಅವನನ್ನು ಅಲ್ಲಿ ಕೂಡಿಸಿ, ಮತ್ತೆ ಮಣೆಯ ಮೇಲೆ ಕುಳಿತಳು. ಶಂಕ್ರಮ್ಮ ಹೋಗಿ ಅವರಿಬ್ಬರ ಹಿಂದೆ ನಿಂತಳು.

ರುದ್ರೇಶ ಅರ್ಧ ಎದ್ದವನು ದೊಡ್ಡವ್ವನ ಮುಖ ನೋಡಿದ. ಮುದಕಮ್ಮ ಅಲುಗಾಡಲಿಲ್ಲ. "ಕುಂಡ್ರಪಾ," ಎಂದಳು. ಆಮೇಲೆ ಬಾಗಿಲ ಕಡೆ ಮುಖ ಮಾಡಿ, ಇಡೀ ಭವನಕ್ಕೆ ಕೇಳುವಂತೆ ಅಂದಳು, "ನೀವು ಹೋಗ್ರಿ. ಹೋಗಿ ಗಾಡಿ ನಮಗ ತಿರುಗಿ ಕಳಸ್ರಿ. ನಲವತ್ತು ವರ್ಷ ನಿಮ್ಮ ಬಾಜೂಕ ಮಲಗಿ ಕೆಮ್ಮೀನಿ. ಹೊರಗ ಸೇದ್ರಿ ಅಂತ ನಿಮಗ ಯಾರೂ ಹೇಳಿದ್ದಿಲ್ಲ, ನನಗೂ ಧೈರ್ಯ ಆಗಿದ್ದಿಲ್ಲ. ಇವತ್ತ ಒಬ್ಬಾಕಿ ಹೇಳ್ಯಾಳ." ಮತ್ತೆ ಈಶಪ್ಪನ ಕಡೆ ತಿರುಗಿದಳು. "ಬೀಗರ, ನೀವು ನಿಮ್ಮ ಮಾತು ಆಡ್ರಿ."

ಈಶಪ್ಪ ಜೇಬಿನಿಂದ ಡಾಕ್ಟರು ಕೊಟ್ಟ ಉಸಿರಿನ ಪಂಪು ತೆಗೆದು ಬಾಯಿಗೆ ಒತ್ತಿಕೊಂಡ. ಕುರ್ಚಿಯ ಕೈ ಹಿಡಿದು ಎದ್ದು ನಿಂತ. "ನಮ್ಮ ಮಗಳು ಸುನಿತಾನ್ನ," ಎಂದ. ದನಿ ಸಣ್ಣದಾಗಿತ್ತು, ಆದರೆ ಸ್ವಚ್ಛವಾಗಿತ್ತು. "ನಿಮ್ಮ ಮನಿ ಮಗ ರುದ್ರೇಶಗ..." ಅಲ್ಲಿ ಉಸಿರು ಎಂದಿನಂತೆ ತಡವರಿಸಿತು. ಶಂಕ್ರಮ್ಮ ತನ್ನ ಉಸಿರನ್ನೂ ಬಿಗಿಹಿಡಿದಳು. "ಕೊಟ್ಟೀವ್ರಿ!" ಎಂದ ಈಶಪ್ಪ, ಕೊನೆಯ ಸಾಲಿನವರಿಗೂ ಕೇಳುವಂತೆ.

ಈಗ ಹಿರೇಬೀಗ ಉತ್ತರ ಕೊಡಬೇಕು. ಹಿರೇಬೀಗ ಚಪ್ಪಲಿಗಳ ನಡುವೆ ನಿಂತಿದ್ದ. ಅವರ ಮನೆತನದಲ್ಲಿ ಹೆಂಗಸರು ಆ ಮಾತು ಎಂದೂ ಆಡಿದವರಲ್ಲ. ಮುದಕಮ್ಮ ತಲೆಯ ಸೆರಗು ಸರಿ ಮಾಡಿಕೊಂಡು, "ತಗೊಂಡೀವ್ರಿ," ಎಂದಳು.

ಒಬ್ಬರಾದ ಮೇಲೆ ಒಬ್ಬರು ಅಕ್ಷತೆ ಹಾಕಿದರು. ಕೊಟ್ರೇಶ ಕೂಡ ಹಾಕಿದ, ಕಣ್ಣು ಮಾತ್ರ ಬಾಗಿಲ ಮೇಲೇ ಇತ್ತು. ಹೊರಗೆ ಗಾಡಿ ಹೊರಡುವ ಸಪ್ಪಳವಿಲ್ಲ. ಕಳಕಪ್ಪ ತುಟಿಯಲ್ಲಿ ಬೀಡಿ ಕಚ್ಚಿಕೊಂಡು ತಾಟು ತಡಕಾಡಿದ, ಅಂಗಿಯ ಜೇಬು ತಡಕಾಡಿದ. ಕೊನೆಗೆ ಹೊಸ್ತಿಲಿಗೆ ಬಂದು ನಿಂತು, ಯಾರ ಮುಖವನ್ನೂ ನೋಡದೆ ಕೇಳಿದ, "ಯಾರ ಹತ್ರಾರ ಬೆಂಕಿ ಐತೇನ್ರಿ?"

ಆಗ ಶಂಕ್ರಮ್ಮನಿಗೆ ಮುಷ್ಟಿಯೊಳಗಿನ ಕಡ್ಡಿಪೆಟ್ಟಿಗೆ ಅರಿವಾಯಿತು. ಬೆವರಿನಿಂದ ಮೆತ್ತಗಾಗಿತ್ತು. ಕೊಟ್ಟುಬಿಡ್ರಿ ವೈನಿ, ಮಾತು ಮುಗೀಲಿ ಎಂದು ಕೊಟ್ರೇಶ ಕಣ್ಣಲ್ಲೇ ಬೇಡಿಕೊಂಡ. ಅವಳು ಹೊಸ್ತಿಲ ತನಕ ನಡೆದು, ಬೀಗರ ಮುಂದೆ ಅಂಗೈ ಬಿಚ್ಚಿ ತೋರಿಸಿದಳು.

"ಐತ್ರಿ, ಬೀಗರ. ಕೊಡೂದಿಲ್ಲ," ಎಂದಳು. "ಮೂವತ್ತು ವರ್ಷ ಕೊಟ್ಟೀನಿ, ಸಾಕು. ಊಟಕ್ಕ ಎಲಿ ಹಾಕ್ಯಾರ, ಒಳಗ ಬರ್ರಿ. ಬೀಡಿ, ಚಪ್ಪಲಿ ಎರಡೂ ಅಲ್ಲೇ ಬಿಟ್ಟು ಬರ್ರಿ."