ಯಾರದ್ದೂ ಅಲ್ಲದ ಹಾಡು

"ಮಧ್ಯಂತರಕ್ಕೆ ಮುಂಚೆ ಇನ್ನೊಂದೇ ಒಂದು," ಎಂದು ಒತಾವಿಯೊ ಮೈಕನ್ನು ಹತ್ತಿರ ಎಳೆದುಕೊಂಡರು. ನಗೋಯಾಕ್ಕೆ ಬಂದು ಮೂವತ್ತು ವರ್ಷದ ಮೇಲಾಗಿದ್ದರೂ ಅವರ ಜಪಾನಿಯಿಂದ ಬ್ರೆಜಿಲ್ಲಿನ ಎಳೆತ ಹೋಗಿರಲಿಲ್ಲ. "ಭಾರತದ ಯಾವುದೋ ಹಳ್ಳಿಯ ಜೋಗುಳ ಇದು. ಯಾರು ಕಟ್ಟಿದ್ದೋ ಯಾರಿಗೂ ಗೊತ್ತಿಲ್ಲ. ನಿಮ್ಮಲ್ಲಿ ಅರ್ಧ ಜನ ಇದನ್ನು ಕೇಳೋಕೆ ಬಂದಿದ್ದೀರಿ ಅನ್ನೋದು ಮಾತ್ರ ಗೊತ್ತು."

ಸಭೆ ನಕ್ಕಿತು. ವಿಶಾಲಾಕ್ಷಿಯೂ ನಕ್ಕಳು. ಭಾರತ ಎಂದದ್ದು ತನಗಾಗಿಯೇ ಇರಬೇಕು ಎಂದುಕೊಂಡು ಪಕ್ಕದಲ್ಲಿದ್ದ ಗಂಡನ ಕಡೆ ತಿರುಗಿದಳು. ನವೀನ ತನ್ನ ಬೂಟುಗಳನ್ನು ನೋಡುತ್ತ ಕೂತಿದ್ದ.

ಪಿಯಾನೋ ಶುರುವಾಯಿತು. ಮೊದಲ ಸಾಲು ಮುಗಿಯುವುದರೊಳಗೆ ಅವಳ ಮುಖದ ಮೇಲಿನ ನಗು ಅಲ್ಲೇ ಒಣಗಿತು. ಅದು ಯಾವ ಹಳ್ಳಿಯದ್ದೂ ಅಲ್ಲ. ಎರಡು ವರ್ಷದ ಹಿಂದೆ, ಬಸುರಿಯಾಗಿದ್ದಾಗ, ಯೂನಿವರ್ಸಿಟಿಯ ಲ್ಯಾಬಿಗೆ ಹೋಗುವ ದಾರಿಯಲ್ಲಿ ಅವಳೇ ಸ್ವರಕ್ಕೆ ಸ್ವರ ಪೋಣಿಸಿ ಕಟ್ಟಿದ್ದು. ನೀಲಾಂಬರಿ ರಾಗದ ನೆರಳಿನಂತೆ ಶುರುವಾಗಿ, ಷಡ್ಜಕ್ಕೆ ಬಂದು ನಿಲ್ಲದೆ ರಿಷಭದಲ್ಲೇ ತೂಗಾಡುತ್ತ ಉಳಿಯುತ್ತಿತ್ತು. ಮಗು ಹುಟ್ಟಿದ ಮೇಲೆ ಮುಗಿಸಿದರಾಯಿತು ಎಂದು ಹಾಗೇ ಬಿಟ್ಟಿದ್ದಳು. ಮಗು ಹುಟ್ಟಿತು, ಅಳಲಿಲ್ಲ.

ಒತಾವಿಯೊ ಪರಿಚಯವಾದದ್ದು ಅದಾದ ಮೇಲೆಯೇ. ಅವಳು ಲ್ಯಾಬಿಗೆ ರಜೆ ಹಾಕಿದ್ದಳು. ನವೀನ ಆಫೀಸಿಗೆ ಹೋದನೆಂದರೆ ಮನೆಯ ಗೋಡೆಗಳನ್ನು ನೋಡಲಾಗದೆ ಬಡಾವಣೆಯ ಸಮುದಾಯ ಭವನಕ್ಕೆ ಹೋಗಿ ಕೂರುತ್ತಿದ್ದಳು. ಅಲ್ಲೊಂದು ಹಳೆಯ ಪಿಯಾನೋ ಇತ್ತು. ಮನೆಯಲ್ಲಿ ಪಿಯಾನೋ ಇಡಲು ಜಾಗವಿಲ್ಲದ ಒಬ್ಬ ಮುದುಕ ಬೆಳಗಿನ ಹೊತ್ತು ಬಂದು ನುಡಿಸುತ್ತಿದ್ದ. ಯಾಕೆ ಬರುತ್ತೀ, ಏನಾಗಿದೆ ಎಂದು ಅವಳನ್ನು ಕೇಳದೆ ಇದ್ದವರು ಅವರೊಬ್ಬರೇ.

ತಮ್ಮ ಕಥೆಯನ್ನು ಮಾತ್ರ ಧಾರಾಳವಾಗಿ ಹೇಳುತ್ತಿದ್ದರು. ಹುಟ್ಟಿದ್ದು ಬ್ರೆಜಿಲ್ಲಿನ ರೆಸಿಫೆಯಲ್ಲಿ. ಇಪ್ಪತ್ತರ ಹರೆಯದಲ್ಲಿ ಸಾವೊ ಪಾವ್ಲೊದ ಕ್ಲಬ್ಬುಗಳಲ್ಲಿ ನುಡಿಸುವಾಗ ಜನ ಹೊರಗೆ ಬೀದಿಯಲ್ಲಿ ನಿಂತು ಕೇಳುತ್ತಿದ್ದರಂತೆ. ಆಮೇಲೆ ದೇಶದ ದುಡ್ಡಿಗೆ ಬೆಲೆಯಿಲ್ಲದೆ ಹೋಯಿತು. ಹೆಂಡತಿ ಜಪಾನಿ ಮೂಲದವಳಾದ್ದರಿಂದ ವೀಸಾ ಸಿಕ್ಕಿ ಇಬ್ಬರೂ ಇಲ್ಲಿಗೆ ಬಂದರು. ಜಾಝ್ ನುಡಿಸುವ ಕೈ ಹಗಲೆಲ್ಲ ಕಾರ್ಖಾನೆಯಲ್ಲಿ ಕಾರಿನ ಬಾಗಿಲಿಗೆ ಬೋಲ್ಟ್ ಬಿಗಿಯಿತು. ಶನಿವಾರ ಹೋಟೆಲಿನ ಲಾಬಿಯಲ್ಲಿ, ಊಟದ ತಟ್ಟೆಗಳ ಸದ್ದಿನ ನಡುವೆ, ನುಡಿಸಿತು. ಹೆಂಡತಿ ಬೇಸತ್ತು ವಾಪಸು ಹೋದಳು. ಅವರು ಕಟ್ಟಿದ ಒಂದೇ ಒಂದು ಒಳ್ಳೆಯ ಧಾಟಿಯನ್ನು ಟೋಕಿಯೋದ ಒಬ್ಬ ಸ್ಯಾಕ್ಸೊಫೋನ್ ವಾದಕ ತನ್ನ ಹೆಸರಿನಲ್ಲಿ ರೆಕಾರ್ಡು ಮಾಡಿದ. "ಟ್ಯಾಕ್ಸಿಯಲ್ಲಿ ಕೂತಿದ್ದಾಗ ರೇಡಿಯೋದಲ್ಲಿ ಬಂತು, ವಿಶಾ-ಸಾನ್. ನನ್ನ ಮಗುವನ್ನ ಬೇರೆಯವರ ಕಂಕುಳಲ್ಲಿ ನೋಡಿದ ಹಾಗಾಯ್ತು," ಎಂದಿದ್ದರು.

ಆ ಮಾತು ಕೇಳಿದ ದಿನವೇ ಅವಳು ಅವರೆದುರು ಮೊದಲ ಸಲ ತನ್ನ ಜೋಗುಳ ಗುನುಗಿದ್ದು. ಅವರು ಆ ಸ್ವರಗಳನ್ನು ಪಿಯಾನೋದ ಕೀಲಿಗಳ ಮೇಲೆ ಹುಡುಕಿದರು. ಪಿಯಾನೋದಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಹಾಗಿಲ್ಲ. ಪಕ್ಕಪಕ್ಕದ ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಿ, ಒಂದನ್ನು ಮೆಲ್ಲಗೆ ಬಿಟ್ಟರು. ಗಮಕವೇ ಬಂದಂತಾಯಿತು. ಅವತ್ತು ಅವಳು ಮನೆಗೆ ಬಂದು ಆಸ್ಪತ್ರೆಯ ನಂತರ ಮೊದಲ ಸಲ ಹೊಟ್ಟೆ ತುಂಬ ಊಟ ಮಾಡಿದಳು.

ಈಚೆಗೆ ಐದಾರು ತಿಂಗಳು ಅವಳು ಮೈಸೂರಿನಲ್ಲಿ ಅಮ್ಮನ ಹತ್ತಿರ ಇದ್ದಳು. ಅಷ್ಟರಲ್ಲಿ ಒತಾವಿಯೊ ಅವರ ಸ್ವಂತ ಆಲ್ಬಂ ಬಂದಿತ್ತು, ಅರವತ್ತಾರನೆಯ ವಯಸ್ಸಿನಲ್ಲಿ ಮೊಟ್ಟಮೊದಲನೆಯದು. ಅದರಲ್ಲಿ ಒಂದು ಹಾಡು ಊರೆಲ್ಲ ಹಬ್ಬಿದೆಯಂತೆ. "ನೀನು ಬರುವವರೆಗೂ ಕೇಳಬೇಡ. ಹಾಲ್‌ನಲ್ಲೇ ಕೇಳು," ಎಂದು ಮೆಸೇಜು ಕಳಿಸಿದ್ದರು. ಅವಳು ಮಾತು ಉಳಿಸಿಕೊಂಡಿದ್ದಳು.

ಚಪ್ಪಾಳೆ ನಿಲ್ಲುವ ಮುಂಚೆಯೇ ಎದ್ದು ಗ್ರೀನ್ ರೂಮಿಗೆ ನಡೆದಳು. "ವಿಶಾಲಿ, ಒಂದ್ನಿಮಿಷ," ಎಂದ ನವೀನನ ದನಿ ಹಿಂದೆಯೇ ಉಳಿಯಿತು.

ಒತಾವಿಯೊ ಟವಲಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದರು. ಅವಳನ್ನು ಕಂಡು ಎರಡೂ ಕೈ ಚಾಚಿದರು. "ಹೇಗಿತ್ತು ನಿಮ್ಮ ಹಳ್ಳಿ ಹಾಡು?"

"ಯಾವ ಹಳ್ಳಿ? ಅದು ನಾನು ಕಟ್ಟಿದ್ದು." ಅರ್ಧ ಇಂಗ್ಲಿಷು, ಅರ್ಧ ಜಪಾನಿಯ ಅವರಿಬ್ಬರ ಭಾಷೆ ಅವಳ ಬಾಯಲ್ಲಿ ತಡವರಿಸಿತು. "ಟ್ಯಾಕ್ಸಿ ರೇಡಿಯೋ ಕಥೆ ನನಗೆ ಹೇಳಿದ್ದು ನೀವೇ ತಾನೆ?"

ಮುದುಕನ ಕೈಗಳು ಗಾಳಿಯಲ್ಲೇ ನಿಂತವು. "ಅದಕ್ಕೇ ಕೇಳಿದೆನಲ್ಲ! ರೆಕಾರ್ಡಿಂಗ್ ಹೊತ್ತಿಗೆ ನಿನ್ನ ಫೋನು ಸಿಗಲಿಲ್ಲ, ನಿನ್ನ ಗಂಡನಿಗೆ ಮಾಡಿದೆ. ಅದು ಹಳೇ ಹಳ್ಳಿ ಹಾಡು, ಯಾರದ್ದೂ ಅಲ್ಲ, ಧಾರಾಳವಾಗಿ ನುಡಿಸಿ, ಅವಳಿಗೂ ಹೇಳಿದ್ದೀನಿ ಅಂದ."

ಅವಳು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತಳು. ಯಾರಿಗೂ ಹೇಳದಿದ್ದದ್ದನ್ನು ಹೇಳಿದಳು. ಯಾರಿಗಾಗಿ ಕಟ್ಟಿದ್ದು, ಯಾಕೆ ಮುಗಿಸಲಿಲ್ಲ, ಬಿಳಿಯ ಬಟ್ಟೆಯಲ್ಲಿ ಸುತ್ತಿ ತಂದು ತೋರಿಸಿದಾಗ ಆ ಮುಖ ಹೇಗಿತ್ತು, ಎಲ್ಲವನ್ನೂ. ಒತಾವಿಯೊ ಕಣ್ಣು ತುಂಬಿಕೊಂಡು ಅವಳ ಕೈ ಹಿಡಿದರು. "ಇನ್ನು ಅದನ್ನ ಮುಟ್ಟಲ್ಲ. ಇವತ್ತಂತೂ ಖಂಡಿತ ಇಲ್ಲ."

ಅವಳು ಸೀಟಿಗೆ ಬಂದು ಕೂತಳು. ನವೀನನ ಕಡೆ ತಿರುಗಲಿಲ್ಲ.

ಕಚೇರಿ ಮುಗಿದ ಮೇಲೂ ಜನ ಏಳಲಿಲ್ಲ. ಒಂದೇ ಲಯದ ಚಪ್ಪಾಳೆ ಬಿಡದೆ ನಡೆಯಿತು. ಒತಾವಿಯೊ ಎರಡು ಸಲ ಬಂದು ತಲೆಬಾಗಿ ಹೋದರು. ಹಿಂದಿನಿಂದ ಯಾರೋ ಆ ಜೋಗುಳದ ಹೆಸರು ಕೂಗಿದರು. ನಾಲ್ಕು ಕಡೆಯಿಂದ ಅದೇ ಕೂಗು ಎದ್ದಿತು. ಮೂರನೆಯ ಸಲ ಬಂದವರು ಪಿಯಾನೋದ ಪಕ್ಕ ನಿಂತು ತುಂಬಿದ ಹಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು. ಆಮೇಲೆ ಅವಳನ್ನು ನೋಡಿದರು. ಅವಳು ಬೇಡವೆಂದು ತಲೆಯಾಡಿಸಿದಳು. ಅವರು ಕಣ್ಣು ತಗ್ಗಿಸಿ ಕೂತು, ನುಡಿಸಿದರು.

ಮೊದಲಿಗಿಂತ ಚೆನ್ನಾಗಿ ನುಡಿಸಿದರು. ಆಗ ಇಲ್ಲದ ತಡೆ, ಆಗ ಇಲ್ಲದ ಮೌನ ಈಗ ಸ್ವರಗಳ ನಡುವೆ ಬಂದಿತ್ತು. ಸ್ಟೂಲಿನ ಮೇಲೆ ಕೂತು ಅವಳು ಹೇಳಿದ್ದೆಲ್ಲ ಆಗಲೇ ಆ ಬೆರಳುಗಳಿಗೆ ಇಳಿದಿತ್ತು. ಮುಂದಿನ ಸಾಲಿನ ಹೆಂಗಸು ಕರವಸ್ತ್ರ ತೆಗೆದಳು.

ವಿಶಾಲಾಕ್ಷಿ ಎದ್ದಳು. ನವೀನ ಅವಳ ಮಣಿಕಟ್ಟು ಹಿಡಿದ. "ಪ್ಲೀಸ್. ಎಲ್ಲರೂ ನೋಡ್ತಾರೆ." ಅವಳು ಕೈ ಕೊಸರಿಕೊಂಡು, "ಸುಮಿಮಾಸೆನ್, ಸುಮಿಮಾಸೆನ್," ಎಂದು ಕ್ಷಮೆ ಕೇಳುತ್ತ ಜನರ ಮೊಣಕಾಲುಗಳನ್ನು ದಾಟಿ ಹೊರಗೆ ಬಂದಳು.

ಸಕಾಎ ಸ್ಟೇಷನ್ನಿನಲ್ಲಿ ರೈಲು ಹತ್ತಿದಾಗ ನವೀನ ಓಡಿಬಂದು ಪಕ್ಕದಲ್ಲಿ ಕೂತ. ಭಾನುವಾರದ ಸಂಜೆ, ಶಾಪಿಂಗ್ ಚೀಲಗಳ ಜನ. ಯಾರಿಗೂ ಕನ್ನಡ ಬರುವುದಿಲ್ಲವಾದರೂ ಅವನು ದನಿ ತಗ್ಗಿಸಿದ.

"ಹೇಳೋಣ ಅಂತಾನೇ ಇದ್ದೆ, ವಿಶಾಲಿ. ಮೈಸೂರಲ್ಲಿ ಸ್ವಲ್ಪ ಸುಧಾರಿಸ್ಕೋತಿದ್ದೆ ನೀನು. ಮತ್ತೆ ಯಾಕೆ ಡಿಸ್ಟರ್ಬ್ ಮಾಡೋದು ಅಂತ..."

"ಯಾರದ್ದೂ ಅಲ್ಲ ಅಂದ್ಯಂತೆ."

"ನಿನ್ನ ಹೆಸರು ಹಾಕಿದ್ರೆ ಕೇಳಲ್ವಾ ಜನ? ಯಾವಾಗ ಮಾಡಿದ್ದು, ಯಾರಿಗೆ ಮಾಡಿದ್ದು ಅಂತ. ನಮ್ಮ ಮನೇಲಿ ಯಾರಿಗೂ ಏಳನೇ ತಿಂಗಳು ಅಂತ ಗೊತ್ತಿಲ್ಲ. ಶುರುನಲ್ಲೇ ಹೋಯ್ತು ಅಂದಿದ್ದೀನಿ ನಾನು."

ಅವಳು ನಿಧಾನವಾಗಿ ಅವನ ಕಡೆ ತಿರುಗಿದಳು. ಇದು ಅವಳಿಗೂ ಗೊತ್ತಿರಲಿಲ್ಲ.

"ಶುರುನಲ್ಲೇ?"

"ಅಮ್ಮ ತಡ್ಕೊಳ್ತಿರಲಿಲ್ಲ ಕಣೆ. ಎಲ್ಲರಿಗೂ ಈಸಿ ಆಗ್ಲಿ ಅಂತ..."

"ಅವಳಿಗೆ ಉಗುರು ಬಂದಿತ್ತು, ನವೀನ," ಎಂದಳು ವಿಶಾಲಾಕ್ಷಿ. "ನೀನು ನೋಡ್ಲಿಲ್ಲ. ಕಾರಿಡಾರಿನಲ್ಲಿ ನಿಂತಿದ್ದೆ."

ರೈಲು ಇಮಾಇಕೆ ಸ್ಟೇಷನ್ನಿಗೆ ಬಂದು ನಿಂತಿತು. ಅವರ ಮನೆಯಿದ್ದ ಮೊತೊಯಾಮಾಕ್ಕೆ ಇನ್ನೂ ದೂರವಿತ್ತು. ಬಾಗಿಲು ತೆರೆಯಿತು, ಜನ ಇಳಿದರು, ಹತ್ತಿದರು. ಬಾಗಿಲು ಮುಚ್ಚುವ ಸಂಗೀತ ಮೊಳಗುತ್ತಿದ್ದಾಗ ಅವಳು ಎದ್ದು ಇಳಿದುಬಿಟ್ಟಳು.

ನವೀನ ಬಾಗಿಲಿಗೆ ಬರುವಷ್ಟರಲ್ಲಿ ಅದು ಮುಚ್ಚಿತ್ತು. ಗಾಜಿನ ಆಚೆ ಅವನ ತುಟಿ ಅಲುಗುತ್ತಿತ್ತು. ರೈಲು ಹೊರಟಿತು.

ಅವಳು ಬೆಂಚಿನ ಮೇಲೆ ಕೂತಳು. ಪಕ್ಕದಲ್ಲಿದ್ದ ಅಜ್ಜಿಯೊಬ್ಬಳು ತನ್ನ ತರಕಾರಿ ಚೀಲವನ್ನು ತೊಡೆಯ ಮೇಲೆ ತೆಗೆದುಕೊಂಡು ಜಾಗ ಬಿಟ್ಟಳು. ಇನ್ನೊಂದು ರೈಲು ಬಂತು. ಬಾಗಿಲು ತೆರೆಯಿತು. ಅಜ್ಜಿ ಎದ್ದು ಹೋಗಿ ಹತ್ತಿ, ಒಳಗಿನಿಂದ ತಿರುಗಿ, ಬರುವುದಿಲ್ಲವೇ ಎಂಬಂತೆ ಅವಳನ್ನು ನೋಡಿದಳು. ವಿಶಾಲಾಕ್ಷಿ ಕೂತಲ್ಲಿಂದಲೇ, ನೀವು ಹೋಗಿ ಎಂಬಂತೆ, ತಲೆಬಾಗಿಸಿದಳು. ಬಾಗಿಲು ಮುಚ್ಚಿತು.