ಡೀಸೆಲ್ ಕುಡಿಯುವವರಿಗೆ ಹಾಲು

ಬೇಸಿಗೆ ಆಗಷ್ಟೇ ಕಾಲಿಟ್ಟಿತ್ತು. ಬೆಳಗಿನ ಚಹಾದ ಹೊತ್ತು. ಮೆಕ್ಯಾನಿಕ್‌ನ ತಮ್ಮನ ಮಗಳು ಬಾಟಲಿಯೊಂದನ್ನು ಎದೆಗವಚಿಕೊಂಡು ಗ್ಯಾರೇಜಿಗೆ ಬಂದಳು.

“ದೊಡ್ಡಪ್ಪ, ಇದರಲ್ಲಿರೋದು ನಿಮ್ಮ ಗ್ಯಾರೇಜಿನ ಮಣ್ಣಲ್ಲಿ ಸಿಕ್ಕ ಬ್ಯಾಕ್ಟೀರಿಯಾ. ಡೀಸೆಲ್ ತಿಂದು, ಸಕ್ಕರೆಗೆ ಕೊಬ್ಬು ಬೆಸೆದು, ಒಂಥರಾ ಸೋಪು ಮಾಡ್ತವೆ.”

“ನಾನು ಜೀವಮಾನವಿಡೀ ಡೀಸೆಲ್‌ನಲ್ಲೇ ಬಿದ್ದಿದ್ದೀನಿ. ಒಂದು ಗುಳ್ಳೆನೂ ಬರಲಿಲ್ಲವಲ್ಲೇ!”

ಕಾಲೇಜಿನಲ್ಲಿ ಬಾಟಲಿ ಅಲುಗಾಡಿಸುವ ಯಂತ್ರ ಕೈಕೊಟ್ಟಿತ್ತು. ಅಲುಗಾಡದಿದ್ದರೆ ಅವಕ್ಕೆ ಉಸಿರುಕಟ್ಟುತ್ತದಂತೆ. ಮುಂದಿನ ಸೋಮವಾರ ಮೇಷ್ಟ್ರಿಗೆ ನೊರೆ ತೋರಿಸದಿದ್ದರೆ ಅವಳ ಸಂಶೋಧನೆ ಮಣ್ಣುಪಾಲು. ಮೆಕ್ಯಾನಿಕ್ ಬಾಟಲಿಯನ್ನು ಏರ್ ಕಂಪ್ರೆಸರ್‌ನ ನೆತ್ತಿಗೆ ಹಳೇ ಟ್ಯೂಬಿನಿಂದ ಬಿಗಿದ. ಚಳಿಜ್ವರ ಬಂದವರ ಹಾಗೆ ದಿನವಿಡೀ ನಡುಗುವ ಯಂತ್ರ ಅದು.

“ಬೇರೇನೂ ಹಾಕಬೇಡಿ. ಹೊಟ್ಟೆತುಂಬ ಸಿಕ್ಕರೆ ಸೋಪು ಮಾಡಲ್ಲ,” ಎಂದು ಹೇಳಿ ಹೋದಳು.

ಆದರೆ ಹಸಿದವರನ್ನು ನೋಡಿ ಸುಮ್ಮನಿರುವ ಜಾಯಮಾನ ಮೆಕ್ಯಾನಿಕ್‌ನ ಹೆಂಡತಿಯದಲ್ಲ. ಟೈರಿಗೆ ಗಾಳಿ ತುಂಬಿಸಲು ಬಂದವರೂ ಅವಳ ಕೈಯಲ್ಲಿ ಉಂಡೇ ಹೋಗಬೇಕು.

ಬುಧವಾರ ಹುಡುಗಿ ಬಂದು ನೋಡಿದರೆ ಬಾಟಲಿಯೊಳಗೆ ಬಿಳಿ ಗಸಿ, ನೊರೆಯ ಸುಳಿವಿಲ್ಲ. ಮೂಸಿ ಮುಖ ಕಿವಿಚಿದಳು.

“ಹಾಲು ಹಾಕಿದ್ದು ಯಾರು?”

ದೊಡ್ಡಮ್ಮ ಸೂರು ನೋಡಿದಳು. “ಒಂದೇ ಗುಟುಕು ಕಣೇ. ಬರೀ ಡೀಸೆಲ್ ಕುಡ್ಕೊಂಡು ಪಾಪ ಎಷ್ಟು ದಿನ ಇರ್ತವೆ?”

“ಮೈ ಬೆಳೆಸ್ಕೊಂಡು ಕೂತಿವೆ ದೊಡ್ಡಮ್ಮ! ಇನ್ನು ಡೀಸೆಲ್ ಮುಟ್ತವಾ?”

“ನಿಮ್ಮಪ್ಪನೂ ಚಿಕ್ಕವನಿದ್ದಾಗ ಹಾಗೇ.”

ಕಾಲೇಜಿನಲ್ಲಿ ಎತ್ತಿಟ್ಟಿದ್ದ ಬ್ಯಾಕ್ಟೀರಿಯಾದ ಹೆಪ್ಪಿನಿಂದ ಹೊಸ ಬಾಟಲಿ ಸಿದ್ಧವಾಯಿತು. “ಅವು ಕಣ್ಣೆದುರಿಗಿದ್ರೆ ನನ್ನ ಕೈ ಸುಮ್ಮನಿರಲ್ಲ,” ಎಂದು ದೊಡ್ಡಮ್ಮ ಅದೇ ಸಂಜೆ ತಂಗಿಯ ಮನೆಗೆ ಹೊರಟುಬಿಟ್ಟಳು.

ಭಾನುವಾರ ಅವಳ ಫೋನು. “ರೀ, ಊಟ ಆಯ್ತಾ?”

“ಆಯ್ತು.”

“ನಿಮ್ಮನ್ನ ಯಾರು ಕೇಳಿದ್ರು? ಅವುಗಳದ್ದು?”

ಮೆಕ್ಯಾನಿಕ್ ತಿರುಗಿ ನೋಡಿದ. ಬಾಟಲಿಯ ಹತ್ತಿಬಿರಡೆಯನ್ನು ನೂಕಿಕೊಂಡು ಬಂದ ನೊರೆ ಕಂಪ್ರೆಸರ್‌ನಿಂದ ಇಳಿದು ಅವನ ಚಪ್ಪಲಿ ಏರುತ್ತಿತ್ತು. ಕೈಯಲ್ಲಿದ್ದ ಜಿಡ್ಡು ಸ್ಪ್ಯಾನರನ್ನು ಅದಕ್ಕೆ ಹಿಡಿದು ಒರೆಸಿದ. ಸ್ಪ್ಯಾನರಿನ ಮೈಮೇಲೊಂದು ಅಳತೆಯ ನಂಬರು ಕಂಡಿತು! ಇಷ್ಟು ವರ್ಷ ಅಂದಾಜಿನ ಮೇಲೇ ಬೋಲ್ಟು ಬಿಚ್ಚಿದ್ದ.

“ನೊರೆ ಬಂತು ಕಣೇ, ಬಾಯಿಂದಾಚೆಗೆ!”

“ಅಯ್ಯೋ, ಉಪವಾಸ ಕೆಡವಿ ಬಾಯಲ್ಲಿ ನೊರೆ ಬರಿಸಿದ್ರಾ!” ಎಂದು ಆ ಕಡೆ ಅಳು ಶುರುವಾಯಿತು.

ಮರುದಿನ ಮೊದಲ ಬಸ್ಸಿಗೇ ದೊಡ್ಡಮ್ಮ ವಾಪಸು ಬಂದಳು. “ಮೇಷ್ಟ್ರು ನೋಡಿ ಆದಮೇಲೆ ಕುಡಿಸೇ, ತಾಯಿ,” ಎಂದು ಬಾಟಲಿ ಒಯ್ಯಲು ಬಂದಿದ್ದ ಹುಡುಗಿಯ ಕೈಗೊಂದು ಡಬ್ಬಿ ತುರುಕಿದಳು.

ಒಂದು ಕಂಕುಳಲ್ಲಿ ನೊರೆಯ ಬಾಟಲಿ, ಇನ್ನೊಂದರಲ್ಲಿ ಹಾಲಿನ ಡಬ್ಬಿ ಅವುಚಿಕೊಂಡು ಹುಡುಗಿ ಕಾಲೇಜಿಗೆ ಹೊರಟಿದ್ದು ಸೋಮವಾರ.