ಚಿಕ್ಕವಳ ಹಲಗೆ

ನಮ್ಮ ಮನೆಗೆ ಹೊಸದಾಗಿ ಬಂದವರು ನಮಗೆ ಮೂವರು ಹೆಣ್ಣುಮಕ್ಕಳಿದ್ದಾರೆಂದು ತಿಳಿದುಕೊಂಡು ಹೋಗುತ್ತಾರೆ. ತಪ್ಪು ಅವರದಲ್ಲ, ನಮ್ಮ ಯಜಮಾನರು ಮಾತಾಡುವ ವರಸೆಯೇ ಹಾಗೆ. ದೊಡ್ಡವಳು ಯಾರದೋ ಕೈಗೆ ಸಿಕ್ಕಿ ಹಾಳಾದಳಂತೆ, ನಡುವಿನವಳು ದೂರದಲ್ಲಿ ಹೇಗಿದ್ದಾಳೋ ಏನೋ, ಸದ್ಯ ಚಿಕ್ಕವಳಾದರೂ ಕಣ್ಣೆದುರಿಗಿದ್ದಾಳೆ. ಮೂವರೂ ಅವರು ಒಂದು ಕಾಲದಲ್ಲಿ ಸಾಕಿದ ದೋಣಿಗಳು. ನಡುಮನೆಯ ಗೋಡೆಯ ಮೇಲೆ ಮದುವೆಯ ಫೋಟೋ ಇರಬೇಕಾದ ಕಡೆ ಇವರ ಫೋಟೋಗಳಿವೆ. ನಾನು ಬಾಗಿಲ ಹಿಂದೆ, ಕ್ಯಾಲೆಂಡರಿನ ಪಕ್ಕದಲ್ಲಿದ್ದೇನೆ.

ಮೊಣಕಾಲು ಕೈಕೊಟ್ಟ ಮೇಲೆ ಚಿಕ್ಕವಳನ್ನು ನನ್ನ ತಮ್ಮನಿಗೆ ಮಾರಿದರು. ಮಾರಿದ್ದು ಬರೀ ಹೆಸರಿಗೆ. ಅಡುಗೆಮನೆಯ ಕಿಟಕಿಯಲ್ಲಿ ವೈರ್‌ಲೆಸ್ ಸೆಟ್ಟು ಇಟ್ಟುಕೊಂಡು, ಅವನು ಮೀನಿಗೆ ಹೋದ ದಿನವೆಲ್ಲ ಅದರ ಮುಂದೆಯೇ ಠಿಕಾಣಿ. "ಎಂಜಿನ್ ಯಾಕೋ ಕೆಮ್ತಾ ಇದೆ?" "ಅಷ್ಟು ಜೋರಾಗಿ ಯಾಕೋ ತಿರುಗಿಸ್ದೆ?" ಹೋದ ತಿಂಗಳು ದಡಕ್ಕೆ ಕಟ್ಟುವಾಗ ದೋಣಿಯ ಪಕ್ಕಕ್ಕೆ ಒಂದು ಗೀರು ಬಿತ್ತೆಂದು ಒಂದು ವಾರ ಅವನ ಜೊತೆ ಮಾತು ಬಿಟ್ಟರು. ಬಣ್ಣದ ಡಬ್ಬಿ ಹಿಡಿದು ಕುಂಟುತ್ತಾ ತಾವೇ ಹೋಗಿ ಬಳಿದು ಬಂದರು.

"ಅಕ್ಕಾ, ನಾನು ಭಾವನ ಹತ್ರ ದೋಣಿ ತಗೊಂಡ್ನೋ, ಅವರ ಮಗಳನ್ನ ಮದುವೆ ಆದ್ನೋ?" ಎಂದು ತಮ್ಮ ನಗುತ್ತಿದ್ದ. ನಗುತ್ತಿದ್ದನೇ ಹೊರತು ಅವನಿಗೆ ಒಳಗೊಳಗೇ ಪುಕುಪುಕು. ಆ ಹೆದರಿಕೆ ಎಲ್ಲಿಗೆ ಮುಟ್ಟಬಹುದೆಂದು ನಾನು ಯೋಚಿಸಿರಲಿಲ್ಲ.

ಆವತ್ತು ಮಧ್ಯಾಹ್ನ ತರಕಾರಿ ಹೆಚ್ಚುತ್ತಿದ್ದೆ. ಸೆಟ್ಟಿನಲ್ಲಿ ಬಂದ ದನಿ ತಮ್ಮನದಲ್ಲ, ಮೀಸೆಯದು. ಮೀಸೆ ಎಂದರೆ ತಮ್ಮನ ಜೊತೆಜೊತೆಗೇ ಹೋಗುವ ಇನ್ನೊಂದು ದೋಣಿಯ ಯಜಮಾನ.

"ಅಣ್ಣಾ, ನೀರಲ್ಲಿ ತೇಲ್ತಿದ್ದ ದಿಮ್ಮಿ ಒಂದು ನಿಮ್ಮ ದೋಣಿಗೆ ಹೊಡೀತು. ಹಲಗೆ ಒಡೆದು ನೀರು ನುಗ್ತಾ ಇದೆ. ಕೆಲಸದವರಿಬ್ಬರನ್ನೂ ನಾನು ಹತ್ತಿಸ್ಕೊಂಡೆ. ಇವನೊಬ್ಬ ಬರ್ತಾ ಇಲ್ಲ. ಗಾಳಿ ಬೇರೆ ಏರ್ತಿದೆ. ನೀವೇ ಹೇಳಿ."

ಇವರು ಮೊಣಕಾಲು ಮರೆತು ಎದ್ದುನಿಂತರು. ಮೈಕು ಕೈಗೆತ್ತಿಕೊಂಡು ಮೊದಲು ಕೇಳಿದ್ದೇನು ಗೊತ್ತೇ?

"ಎಲ್ಲಿ ಒಡೆದಿರೋದು?"

"ಹಿಂದ್ಗಡೆ, ಎಡಕ್ಕೆ, ಭಾವ." ತಮ್ಮ ಏದುಸಿರು ಬಿಡುತ್ತಿದ್ದ. "ಪಂಪು ಹಾಕಿದೀನಿ."

"ಹಾಸಿಗೆ ತುರುಕು. ಮೇಲೊಂದು ಹಲಗೆ ಇಟ್ಟು ಮೊಳೆ ಹೊಡಿ."

"ಆಯ್ತು, ತುರುಕಿದೆ. ನಿಲ್ತಾ ಇಲ್ಲ."

"ಇನ್ನೊಂದು ತುರುಕು."

ನನಗೆ ಮೈಯೆಲ್ಲ ಉರಿದುಹೋಯಿತು. ಅಲ್ಲಿರುವವನು ನನ್ನ ಒಬ್ಬನೇ ತಮ್ಮ. "ರೀ, ಎದ್ದು ಬಾ ಅನ್ರಿ ಅವನಿಗೆ!" ಎಂದೆ. ಸುಮ್ಮನಿರು ಎಂದು ಕೈ ತೋರಿಸಿದರು. ಆಗ ನಾನೇ ಮೈಕು ಕಿತ್ತುಕೊಂಡೆ.

"ಲೋ, ಆ ಸುಡುಗಾಡು ದೋಣಿ ಹಾಳಾಗಿ ಹೋಗ್ಲಿ. ನೀನು ಬಾ!"

ಪಂಪಿನ ಸದ್ದಿನ ನಡುವೆ ಅವನ ದನಿ ಬಂತು.

"ಆಗಲ್ಲ ಅಕ್ಕಾ. ಒಂದು ಗೀರಿಗೇ ಅಷ್ಟು ಮಾಡಿದ್ರು. ಪೂರ್ತಿ ಮುಳುಗಿಸಿ ಬಂದು ಅವರ ಮುಖ ಹೇಗೆ ನೋಡ್ಲಿ? ದಿಮ್ಮಿ ನಂಗೆ ಕಾಣಬೇಕಿತ್ತು, ನೋಡ್ಲಿಲ್ಲ. ತಪ್ಪು ನಂದೇ."

ಇವರಿಗೂ ಕೇಳಿಸಿತು. ಮೆಲ್ಲಗೆ ನನ್ನ ಕೈಯಿಂದ ಮೈಕು ತೆಗೆದುಕೊಂಡರು.

"ಬಿಟ್ಟು ಬಾರೋ. ನಾನೇ ಹೇಳ್ತಿದೀನಲ್ಲ."

"ಅಕ್ಕ ಪಕ್ಕದಲ್ಲಿದಾಳೆ ಅಂತ ಹಾಗಂತೀರ. ನಂಗೊತ್ತಿಲ್ವಾ ಭಾವ? ಇನ್ನೊಂದು ಸ್ವಲ್ಪ ಹೊತ್ತು ನೋಡ್ತೀನಿ."

"ಬೇಡ, ಬಾ!"

ನಡುವೆ ಮೀಸೆಯ ದನಿ ತೂರಿಬಂತು. "ಅಣ್ಣಾ, ಇನ್ನು ಹತ್ರ ನಿಲ್ಲೋಕಾಗಲ್ಲ, ಎರಡೂ ಡಿಕ್ಕಿ ಹೊಡೀತವೆ. ಏನಾದ್ರೂ ಮಾಡಿ."

ಇವರು ಕಿಟಕಿಯ ಕಟ್ಟೆ ಹಿಡಿದು ಕಣ್ಣು ಮುಚ್ಚಿದರು. ಬೇಡಿಕೊಳ್ಳಬೇಕೋ ಬೈಯಬೇಕೋ ತಿಳಿಯದೆ ನಾನು ಅವರ ಅಂಗಿ ಹಿಡಿದು ಜಗ್ಗುತ್ತಿದ್ದೆ. ಕಣ್ಣು ತೆರೆದಾಗ ಅವರ ದನಿಯೇ ಬೇರೆಯಾಗಿತ್ತು.

"ಕೇಳು. ನಿನ್ನ ಹತ್ರ ಒಂದು ವಿಷಯ ಮುಚ್ಚಿಟ್ಟಿದ್ದೆ. ಆ ಹಲಗೆ ನಾನು ಮಾರೋವಾಗ್ಲೇ ಕೊಳೆತಿತ್ತು."

"ಏನಂದ್ರಿ?"

"ಕೊಳೆತಿತ್ತು ಕಣೋ. ಪುಟ್ಟಿ ಮೆತ್ತಿ, ಬಣ್ಣ ಬಳಿದು ಕೊಟ್ಟೆ. ಹಿಂದಿನ ಹಲಗೆಗಳೆಲ್ಲ ಹಾಗೇ. ದಿಮ್ಮಿ ಹೊಡೀದಿದ್ರೂ ಇವತ್ತಲ್ಲ ನಾಳೆ ಬಾಯಿ ಬಿಡ್ತಿತ್ತು. ನಿನ್ನ ತಪ್ಪೇನೂ ಇಲ್ಲ ಅದರಲ್ಲಿ."

ಇಷ್ಟು ದೊಡ್ಡ ಸುಳ್ಳನ್ನು ಅವರ ಬಾಯಲ್ಲಿ ನಾನು ಕೇಳಿಯೇ ಇರಲಿಲ್ಲ. ಕೊಳ್ಳುವವನು ಹೆಂಡತಿಯ ತಮ್ಮ ಎಂದು, ಬಡಗಿ ಬೇಡವೆಂದರೂ ಕೇಳದೆ, ಮಾರುವ ಮುಂಚೆ ಹಿಂಬದಿಯ ಹಲಗೆಗಳನ್ನೆಲ್ಲ ಹೊಸದಾಗಿ ಹಾಕಿಸಿದ್ದವರು ಇವರು. ಒಂದೊಂದನ್ನೂ ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ ಆರಿಸಿದ್ದರು. ಆಗ ನಾನು ಪಕ್ಕದಲ್ಲೇ ನಿಂತು ಗೊಣಗಿದ್ದೆ.

"ಹಾಗಾದ್ರೆ ಹೋದ ತಿಂಗಳು ಬಣ್ಣ ಹಿಡ್ಕೊಂಡು ಓಡಿ ಬಂದಿದ್ದು..." ಎಂದ ತಮ್ಮ.

"ಇನ್ಯಾಕೆ? ನಿನ್ನ ಕಣ್ಣಿಗೆ ಬೀಳಬಾರ್ದು ಅಂತ."

"ಥೂ! ನಿಮ್ಮನ್ನ ಕಣ್ಮುಚ್ಚಿ ನಂಬಿದ್ನಲ್ರೀ! ನಿಮ್ಮ ಕೊಳೆತ ಹಲಗೆಗೆ ನಾನು ಇಲ್ಲಿ ಸಾಯ್ಬೇಕಿತ್ತಾ?"

ಅವನು ಮೈಕು ಎಸೆದ ಸದ್ದು ಬಂತು. ನಾನು ಸೆಟ್ಟಿಗೆ ಕಿವಿ ಆನಿಸಿ ನಿಂತೆ. ಹಾಗೆ ಎಷ್ಟು ಹೊತ್ತಾಯಿತೋ ನನಗೆ ಗೊತ್ತಿಲ್ಲ. ಕೊನೆಗೆ ಮೀಸೆ ಕೂಗಿದ.

"ಹತ್ತಿದ ಅಣ್ಣಾ! ಜಿಗಿದು ಹತ್ತಿದ! ನಿಮಗೆ ಬೈಕೊಂಡೇ ಹತ್ತಿದ. ಅಯ್ಯೋ ಅಣ್ಣಾ, ದೋಣಿ..."

ಇವರು ಸೆಟ್ಟು ಆರಿಸಿಬಿಟ್ಟರು.

ಸಂಜೆ ತಮ್ಮ ಬಂದ. ಮೈಮೇಲೆ ಮೀಸೆಯ ದೊಗಳೆ ಅಂಗಿ. ಹೊಸ್ತಿಲು ದಾಟಲಿಲ್ಲ. ನಾನು ತಬ್ಬಿಕೊಂಡು ಅತ್ತೆ. ಅವನು ನನ್ನ ಹೆಗಲ ಮೇಲಿಂದ ಒಳಗೆ ನೋಡುತ್ತಿದ್ದ.

"ನಿಮ್ಮ ಹತ್ರ ನಂಗೆ ಮಾತಿಲ್ಲ ಭಾವ. ಒಂದೇ ಒಂದು ಕೇಳ್ತೀನಿ. ನನ್ನ ಮುಖ ನೋಡಿ ಹೇಳಿ. ಕೊಳೆತ ದೋಣಿ ಕೊಟ್ರಾ?"

ನಿಜ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಇವರು ನನ್ನ ಕಡೆ ನೋಡಿದ ನೋಟಕ್ಕೆ ಅದನ್ನು ನುಂಗಿಕೊಂಡೆ. ನಿಜ ಹೇಳಿದರೆ ತಮ್ಮನಿಗೆ ಭಾವ ವಾಪಸು ಸಿಗುತ್ತಿದ್ದರು, ಸರಿ. ಆದರೆ ದೋಣಿ ಮುಳುಗಿಸಿದ ತಪ್ಪೂ ಅವನ ತಲೆಗೇ ಬರುತ್ತಿತ್ತು. ಅದನ್ನು ಹೊತ್ತುಕೊಂಡು ಅವನು ಇನ್ನೊಮ್ಮೆ ಸಮುದ್ರಕ್ಕೆ ಇಳಿಯುವವನಲ್ಲ.

"ಹೌದು," ಎಂದರು ಇವರು. "ಹಲಗೆ ಒಂದೇ ಅಲ್ಲ. ಆ ದೋಣಿ ಎಂದೂ ಸರಿ ಇರ್ಲಿಲ್ಲ."

ತಮ್ಮ ಹಿಂತಿರುಗಿ ನೋಡದೆ ಹೋದ. ಇನ್ನು ಈ ಮನೆಗೆ ಯಾವಾಗ ಬರುತ್ತಾನೋ. ಬದುಕಿದ್ದಾನಲ್ಲ, ನನಗೆ ಸದ್ಯಕ್ಕೆ ಅಷ್ಟು ಸಾಕು ಎಂದುಕೊಂಡು ಬಾಗಿಲು ಹಾಕಿದೆ. ಇವರು ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟಿದ್ದರು.

"ಅವಳಲ್ಲಿ ಒಂದೇ ಒಂದು ಹಲಗೆ ಕೊಳೆತಿರ್ಲಿಲ್ಲ ಕಣೇ," ಎಂದು ಪಿಸುಗುಟ್ಟಿದರು.

"ನಂಗೊತ್ತು ರೀ."

"ನಿಂಗೊತ್ತು. ನಾನು ಆಡಿದ್ದೆಲ್ಲ ಆ ಸೆಟ್ಟಲ್ಲಿ ಅವಳೊಳಗೇ ಕೇಳಿಸ್ತಲ್ಲ. ಕೊನೇದಾಗಿ ಅದನ್ನೇ ಕೇಳಿಸ್ಕೊಂಡು ಹೋದ್ಲು."

ಬೇರೆ ದಿನವಾಗಿದ್ದರೆ ಇಂಥ ಮಾತಿಗೆ ಗೇಲಿ ಮಾಡದೆ ಬಿಡುತ್ತಿರಲಿಲ್ಲ. ಆವತ್ತು ಪಕ್ಕದಲ್ಲಿ ಕೂತು, ಅವರ ಜೊತೆ ನಾನೂ ಅವಳಿಗಾಗಿ ಅತ್ತೆ.